ರಕ್ಕಸಿಯ ಪರ ಮಾತಾಡುವವರು ಯಾರು?

ನನಗೆ ಬಾಯಿ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವಷ್ಟರಲ್ಲಿ ಅವರ ಮನೆಯ ಸಮಾಚಾರವೆಲ್ಲ ನನಗೆ, ನಮ್ಮ ಮನೆಯದೆಲ್ಲ ಅವರಿಗೆ ಗೊತ್ತಾಗಿರುತ್ತದೆ. ಸಂತೆಯಲ್ಲಿ ಬದನೆಕಾಯಿಯವನು ನನ್ನನ್ನು ಕಂಡರೆ, ‘ಬುಡಮ್ಮ, ನೀನು ಕೇಳಿದ್ದಕ್ಕೇ ಕೊಟ್ಬುಡ್ತೀನಿ, ಮಾತು ಮಾತ್ರ ಬ್ಯಾಡ’ ಎಂದು ಕೈ ಮುಗಿಯುತ್ತಾನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಾನು ಆಡುವುದರಲ್ಲಿ ಅರ್ಧ ನನ್ನ ಪಾಲಿನದಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ. ಅದು ನನ್ನ ಅಕ್ಕ ಗಿರಿಜೆಯ ಪಾಲಿನದು. ಅವಳ ಮಾತು ನಮ್ಮ ಮನೆಯ ನಡುಬಾಗಿಲ ಹಿಂದೆ ಹುಟ್ಟಿತು. ಅದನ್ನು ಮನೆಮಂದಿಯೆಲ್ಲ ಸೇರಿ ಗಾಡಿ ಕಟ್ಟಿಕೊಂಡು ಹೋಗಿ ಬಿಟ್ಟು ಬಂದರು.

ನಮ್ಮೂರು ಇದ್ದದ್ದು ಮಧುಗಿರಿಯಿಂದ ದೊಡ್ಡೇರಿ ಕಡೆಗೆ ಹೋಗುವ ದಾರಿಯಲ್ಲಿ. ಅಪ್ಪ ಅಲ್ಲಿನ ಮೇಷ್ಟ್ರು. ಮಹಾರಾಜರ ಸರ್ಕಾರ ಊರಿಗೆ ಸ್ಕೂಲು ಕೊಟ್ಟಿತ್ತು, ಮೇಷ್ಟ್ರನ್ನು ಕೊಟ್ಟಿತ್ತು, ಒಂದು ಕರಿಹಲಗೆಯನ್ನೂ ಕೊಟ್ಟಿತ್ತು; ಕಟ್ಟಡ ಮಾತ್ರ ಕೊಟ್ಟಿರಲಿಲ್ಲ. ಹಾಗಾಗಿ ನಮ್ಮ ಮನೆಯ ಪಡಸಾಲೆಯೇ ಸ್ಕೂಲು. ಪಡಸಾಲೆ ದಾಟಿದರೆ ನಡುಬಾಗಿಲು, ಅದರಾಚೆ ನಡುಮನೆ, ಅಡುಗೆಮನೆ, ಹಿತ್ತಲು. ಬಾಗಿಲಿಂದ ಈಚೆ ಸರ್ಕಾರದ್ದು, ಆಚೆ ಅಜ್ಜಿಯದು. ಈಚೆ ಹುಡುಗರು ಮಗ್ಗಿ ಒದರುತ್ತಿದ್ದರೆ ಆಚೆ ಅವ್ವ ಆ ಮಗ್ಗಿಯ ಲೆಕ್ಕದಲ್ಲೇ ಮುದ್ದೆಗೆ ಎಸರಿಡುತ್ತಿದ್ದಳು. ಹುಡುಗರು ಹದಿನೈದರ ಮಗ್ಗಿ ಮುಟ್ಟಿದರೆ ಹಿಟ್ಟು ಹಾಕುವ ಹೊತ್ತು. ಮಗ್ಗಿಯಲ್ಲಿ ಯಾರಾದರೂ ತಪ್ಪಿ ಮತ್ತೆ ಮೊದಲಿಂದ ಶುರುವಾದರೆ ಅವತ್ತು ಮುದ್ದೆ ಗಂಟುಗಂಟು. ಅಜ್ಜಿ ಇಷ್ಟಲಿಂಗದ ಪೂಜೆಗೆ ಕೂತಿದ್ದಾಗ ಪಡಸಾಲೆಯಲ್ಲಿ ಗದ್ದಲ ಎದ್ದರೆ, ಕಣ್ಣು ಮುಚ್ಚಿಕೊಂಡೇ ಕೂಗುತ್ತಿದ್ದಳು:

‘ಲೇ ಮಗಾ, ನಿನ್ನ ಕೋತಿಗಳ ಬಾಯಿ ಮುಚ್ಚುಸ್ಲಾ! ಶಿವನ ಕಿವಿ ತೂತಾಗ್ತದೆ!’

ಅಪ್ಪನಿಗೆ ಇದ್ದ ಚಿಂತೆ ಇದರ ತಿರುಗುಮುರುಗು. ಕೋತಿಗಳು ಬಾಯಿ ಬಿಡುವುದಿಲ್ಲ ಎನ್ನುವುದು ಅವನ ಸಂಕಟ. ಒಟ್ಟಾಗಿ ಮಗ್ಗಿ ಒದರಿ ಎಂದರೆ ಸೂರು ಹಾರಿಸುತ್ತಿದ್ದ ಹುಡುಗರು ಒಬ್ಬೊಬ್ಬರನ್ನೇ ನಿಲ್ಲಿಸಿ ನಿನ್ನ ಹೆಸರೇನಪ್ಪ ಎಂದರೆ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದರು. ಒಂದು ಸಲ ಜರಿಪೇಟ ಸುತ್ತಿಕೊಂಡ ಇನ್‌ಸ್ಪೆಕ್ಟರು ಬಂದು ಹನುಮ ಎನ್ನುವ ಹುಡುಗನನ್ನು ‘ನಿಮ್ಮ ಊರಿನ ಕೆರೆ ಎಲ್ಲಿದೆ?’ ಎಂದು ಕೇಳಿದ್ದಕ್ಕೆ, ದಿನಾ ಅದೇ ಕೆರೆಯಲ್ಲಿ ಎಮ್ಮೆ ತೊಳೆಯುವ ಹುಡುಗ ಗಳಗಳನೆ ಅತ್ತುಬಿಟ್ಟ. ಅವತ್ತು ಅಪ್ಪ ಊಟ ಮಾಡಲಿಲ್ಲ. ತಟ್ಟೆ ಮುಂದೆ ಕೂತು ಅವ್ವನಿಗೆ ಹೇಳಿದ:

‘ಇವ್ರು ನಾಳೆ ಅಮಲ್ದಾರ್ರ ಮುಂದೆ ನಿಂತಾಗ್ಲೂ ಹಿಂಗೇ ನೆಲ ಕೆರೀತಾರೆ ಕಣೆ. ಗೆಯ್ಯೋದು ಇವ್ರು, ಮಾತಾಡೋರು ಇನ್ಯಾರೋ.’

ಆಮೇಲೆ ಶುರುವಾಯಿತು ರಾಕ್ಷಸರ ಪಂಚಾಯಿತಿ. ಶನಿವಾರ ಅರ್ಧ ದಿನದ ಸ್ಕೂಲು. ಅವತ್ತು ಮಗ್ಗಿ ಇಲ್ಲ, ಕಾಪಿ ಇಲ್ಲ. ಅಪ್ಪ ಒಬ್ಬ ರಾಕ್ಷಸನನ್ನು ಪಂಚಾಯಿತಿಗೆ ಕರೆಯುತ್ತಿದ್ದ. ಕಥೆ ಎಲ್ಲರಿಗೂ ಗೊತ್ತಿರುವುದೇ, ಅವರವರ ಅಜ್ಜಿಯರು ಹೇಳಿದ್ದು. ಬಂಡಿ ಅನ್ನ ತಿನ್ನುವ ರಾಕ್ಷಸ ಎತ್ತನ್ನೂ ತಿಂದದ್ದು ಸರಿಯೇ? ಏಳು ಸಮುದ್ರದಾಚೆಯ ರಾಕ್ಷಸ ತನ್ನ ಪ್ರಾಣವನ್ನು ಗಿಣಿಯೊಳಗೆ ಇಟ್ಟದ್ದು ಜಾಣತನವೋ ದಡ್ಡತನವೋ? ಮಕ್ಕಳನ್ನು ಹೆದರಿಸುವ ಗುಮ್ಮನಿಗೆ ತನ್ನ ಮಕ್ಕಳಿದ್ದರೆ ಅವನ್ನು ಯಾರ ಹೆಸರು ಹೇಳಿ ಮಲಗಿಸುತ್ತಾನೆ? ‘ರಾಕ್ಷಸನ ಪರ ಮಾತಾಡುವವರು ಯಾರು?’ ಎಂದು ಅಪ್ಪ ಕೂಗುತ್ತಿದ್ದ. ಎದ್ದು ನಿಂತವನು ‘ನಾನು ಮಾತಾಡ್ತೀನಿ, ನಾನು ರಾಕ್ಷಸ’ ಎಂದೇ ಶುರು ಮಾಡಬೇಕು. ಮಿಕ್ಕವರು ಊರಿನವರಾಗಿ ಜವಾಬು ಕೊಡಬೇಕು. ನಕ್ಕರೆ ಪರವಾಗಿಲ್ಲ, ‘ಗೊತ್ತಿಲ್ಲ ಸಾ’ ಅನ್ನುವಂತಿಲ್ಲ. ಅತ್ತಿದ್ದ ಹನುಮನೇ ತಿಂಗಳೊಳಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ಎತ್ತನ್ನ ತಿನ್ನದೆ ಬುಟ್ಟಿದ್ರೆ ನೀವು ನಾಳೀಕ್ಕೆ ಬಂಡಿ ಕಳುಸ್ತಿದ್ರಾ? ತಪ್ಪುಸ್ಕೊಂಡ್ಬುಡ್ತಿದ್ರಿ!’ ಎಂದು ವಾದ ಮಾಡುವಂತಾದ. ಊರೊಳಗೆ ಗೊಣಗಾಟ ಇತ್ತು. ಮೇಷ್ಟ್ರು ದೇವರ ಪದ ಹೇಳಿಕೊಡುವುದು ಬಿಟ್ಟು ಇದೇನು ಎಂದು ಗೌಡರು ಕೇಳಿಯೂ ಬಿಟ್ಟರು. ಅಪ್ಪ ನಗುತ್ತಾ ಹೇಳಿದ:

‘ದೇವರ ವಿಷಯ ಎತ್ತಿದ್ರೆ ಇವ್ರು ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂಡು ಸುಮ್ನಾಗ್ತಾರೆ ಗೌಡ್ರೆ. ರಾಕ್ಷಸರ ವಿಷಯದಲ್ಲಿ ಯಾರು ಏನಂದ್ರೂ ಕೇಳೋರಿಲ್ಲ. ನಾಲಿಗೆ ತಿರುಗ್ಲಿ ಅಂತ ಅಷ್ಟೆ.’

ನಾನು ಆಗ ಪಡಸಾಲೆಯಲ್ಲೇ, ಹುಡುಗರ ಸಾಲಿನ ಕೊನೆಗೆ ಕೂರುತ್ತಿದ್ದೆ. ಅಕ್ಕ ಕೂರುವಂತಿರಲಿಲ್ಲ. ಅವಳು ದೊಡ್ಡವಳಾದ ದಿನದಿಂದ ಅಜ್ಜಿ ಅವಳಿಗೆ ಸ್ಕೂಲಿನ ಹೊತ್ತಿನಲ್ಲಿ ನಡುಬಾಗಿಲು ದಾಟಬಾರದೆಂದು ಕಟ್ಟು ಮಾಡಿದ್ದಳು. ಕೂತಿದ್ದರೂ ಅಕ್ಕ ಏನು ಮಾತಾಡುತ್ತಿದ್ದಳು? ಅವಳು ಉಗ್ಗುತ್ತಿದ್ದಳು. ಸುಮ್ಮಸುಮ್ಮನೆ ಉಗ್ಗುವುದಲ್ಲ; ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ಬಿಟ್ಟುಬಿಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ಅವಳ ಹೆಸರೇ. ‘ಗಿ... ಗಿ... ಗಿ...’ ಎಂದು ನಿಂತುಹೋಗುತ್ತಿದ್ದಳು. ಅಜ್ಜಿ ಬಜೆ ತೇಯ್ದು ನೆಕ್ಕಿಸಿದಳು, ತೋವಿನಕೆರೆ ಕಡೆಯ ಯಾರೋ ಹೇಳಿದರೆಂದು ನಾಲಿಗೆಗೆ ಜೇನು ಹಚ್ಚಿದಳು. ನನ್ನ ಜೊತೆ ಮಾತ್ರ ಅವಳು ಪಿಸುಮಾತಲ್ಲಿ ಅಷ್ಟಿಷ್ಟು ಆಡುತ್ತಿದ್ದಳು, ರಾಗಿ ಬೀಸುವಾಗ, ಕಲ್ಲಿನ ಸದ್ದಿನ ಮರೆಯಲ್ಲಿ.

ನಮ್ಮೂರಿನ ಅಂಚಿನಲ್ಲಿ ಕೆರೆ ಏರಿಯ ಪಕ್ಕ ಒಂದು ಒಂಟಿ ಗುಂಡುಕಲ್ಲು ಇದೆ. ರಕ್ಕಸಿ ಗುಂಡು ಅಂತ ಹೆಸರು. ಹಿಂದೆ ಏರಿ ಪ್ರತಿ ಮಳೆಗಾಲ ಒಡೆದುಹೋಗುತ್ತಿತ್ತಂತೆ. ಬೆಟ್ಟದ ರಕ್ಕಸಿ ಬಂದು, ಏರಿ ನಾನು ಕಟ್ಟಿಕೊಡುತ್ತೇನೆ, ನನ್ನನ್ನು ಊರೊಳಗೆ ಇಟ್ಟುಕೊಳ್ಳಿ ಅಂದಳಂತೆ. ಕೋಳಿ ಕೂಗುವುದರೊಳಗೆ ಮುಗಿಸಿದರೆ ಆಗಲಿ ಎಂದು ಊರವರು ಒಪ್ಪಿದರಂತೆ. ಅವಳು ಕೊನೆಯ ಗುಂಡು ಹೊತ್ತು ತರುತ್ತಿದ್ದಾಗ ಊರವರಿಗೆ ದಿಗಿಲಾಯಿತು. ಯಾರೋ ಒಬ್ಬ ಕೋಳಿ ಮುಚ್ಚುವ ಮಂಕರಿಯ ಹಿಂದೆ ಕೂತು ತಾನೇ ಕೋಳಿಯಂತೆ ಕೂಗಿದ. ರಕ್ಕಸಿ ಗುಂಡನ್ನು ಅಲ್ಲೇ ಬಿಸಾಕಿ ಬೆಟ್ಟಕ್ಕೆ ಹೊರಟುಹೋದಳು. ಅವಳು ಹಿಂದೆ ಬಾರದಿರಲಿ ಎಂದು ನಮ್ಮೂರಿನವರು ಆ ಗುಂಡನ್ನು ಹಾಯುವಾಗೆಲ್ಲ ಒಂದು ಕಲ್ಲು ಎತ್ತಿ ಅದಕ್ಕೆ ಹೊಡೆದು ಮುಂದೆ ಹೋಗುತ್ತಾರೆ. ಬುತ್ತಿ ಹೊತ್ತ ಹೆಂಗಸರೂ ಬಗ್ಗಿ ಕಲ್ಲು ಎತ್ತುತ್ತಾರೆ. ಅಕ್ಕ ಮಾತ್ರ ಯಾವತ್ತೂ ಹೊಡೆದವಳಲ್ಲ. ಅವ್ವ ಗದರಿದರೆ ಕಲ್ಲು ಎತ್ತಿಕೊಂಡು, ಸ್ವಲ್ಪ ದೂರ ಹೋಗಿ ಮೆಲ್ಲಗೆ ಕೆಳಗೆ ಹಾಕುತ್ತಿದ್ದಳು.

ಒಂದು ಶನಿವಾರ ಅಪ್ಪ ಈ ರಕ್ಕಸಿಯನ್ನೇ ಪಂಚಾಯಿತಿಗೆ ಕರೆದ. ‘ರಕ್ಕಸಿಯ ಪರ ಮಾತಾಡುವವರು ಯಾರು?’ ಎಂದ. ಯಾರೂ ಏಳಲಿಲ್ಲ. ಏಳು ಸಮುದ್ರದಾಚೆಯ ರಾಕ್ಷಸನಾದರೆ ಸರಿ. ಇವಳು ನಮ್ಮೂರವಳು, ಬೆಟ್ಟ ಕಣ್ಣಿಗೆ ಕಾಣುತ್ತದೆ, ಯಾರು ಹೋಗುತ್ತಾರೆ ಅವಳ ತಂಟೆಗೆ? ಹನುಮನೂ ತಲೆ ತಗ್ಗಿಸಿದ. ಅಪ್ಪ ಮತ್ತೆ ಕೇಳಿದ. ಆಗ ನಡುಬಾಗಿಲ ಹಿಂದಿನಿಂದ, ಆ ಕತ್ತಲಿಂದ, ಒಂದು ಗಂಟಲು ಬಂತು:

‘ನಾನು ಮಾತಾಡ್ತೀನಿ. ನಾನು ರಕ್ಕಸಿ.’

ಅಪ್ಪನ ಕೈಯಿಂದ ಸೀಮೆಸುಣ್ಣ ಕೆಳಗೆ ಬಿತ್ತು. ಯಾರ ಗಂಟಲೆಂದು ನನಗೂ ಕ್ಷಣ ಗೊತ್ತಾಗಲಿಲ್ಲ. ಎಲ್ಲೂ ತಡೆಯಿಲ್ಲ, ಎಲ್ಲೂ ತೊಡಕಿಲ್ಲ.

‘ನಿಮ್ಮ ಏರಿ ಕಟ್ಟಿದೋಳು ನಾನು. ನಾನು ಕೇಳಿದ್ದಾದ್ರೂ ಏನು? ಬಂಗಾರ ಕೇಳಿದ್ನಾ? ನಿಮ್ಮ ಮಕ್ಕಳನ್ನ ಕೇಳಿದ್ನಾ? ಊರೊಳಗೆ ಒಂದು ಮೂಲೆ ಕೇಳಿದೆ. ಸಂಜೆ ಹೊತ್ತು ನಿಮ್ಮ ಜಗಲಿ ಮೇಲೆ ಕೂತು ನಾಕು ಮಾತಾಡ್ಬೇಕು ಅಂತ ನಂಗೆ ಆಸೆ. ಬೆಟ್ಟದ ಮೇಲೆ ನನ್ನ ಮಾತು ಕೇಳಕ್ಕೆ ಬಂಡೆ ಬುಟ್ರೆ ಯಾರವ್ರೆ? ಅವತ್ತು ಕೂಗಿದ್ದು ಕೋಳಿ ಅಲ್ಲ, ನೀವು. ನಂಗೆ ಗೊತ್ತಾಗ್ಲಿಲ್ಲ ಅನ್ಕೊಂಡ್ರಾ? ಗೊತ್ತಾಯ್ತು. ಬ್ಯಾಡ ಅಂತ ಅನ್ನುಸ್ಕೊಂಡ ಮೇಲೆ ನಿಲ್ಬಾರ್ದು ಅಂತ ಹೊಂಟೋದೆ. ಇವತ್ತೂ ನಾನು ಕಟ್ಟಿದ ಏರಿ ನೀರು ಕುಡೀತೀರ, ನಂಗೇ ಕಲ್ಲು ಹೊಡೀತೀರ.’

ಹನುಮ ಧೈರ್ಯ ಮಾಡಿ ಎದ್ದ. ‘ಊರೊಳಿಕ್ಕೆ ಬುಟ್ಕೊಂಡ್ರೆ ನಮ್ಮ ಕುರಿ ತಿನ್ನಲ್ವಾ ನೀನು?’

‘ಕುರಿ ನೀನೂ ತಿಂತೀಯಲ್ಲೋ. ನಿನ್ನ ಯಾರ್ಲಾ ಊರಾಚೆ ಇಟ್ಟವ್ರೆ?’

ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಪ್ಪ ನಗಲಿಲ್ಲ. ಗೋಡೆಯ ಕಡೆ ತಿರುಗಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಸ್ಕೂಲು ಬಿಟ್ಟ ಮೇಲೆ ಒಳಗೆ ಓಡಿಹೋಗಿ ಅಕ್ಕನ ಎರಡೂ ಕೈ ಹಿಡಿದುಕೊಂಡು, ‘ಇನ್ನೊಂದ್ಸಲ ಮಾತಾಡವ್ವ, ನನ್ನ ಬಂಗಾರಿ, ಇನ್ನೊಂದ್ಸಲ’ ಎಂದ. ಅಕ್ಕ ‘ಅ... ಅ... ಅಪ್ಪ’ ಎಂದು ನಾಚಿಕೆಯಿಂದ ನಕ್ಕಳು. ತಾನಾಗಿದ್ದರೆ ಬರದು, ರಕ್ಕಸಿಯಾದರೆ ಬರುತ್ತದೆ. ಆ ವರ್ಷದ ಶನಿವಾರಗಳಷ್ಟು ಸುಖವನ್ನು ನಾನು ಆಮೇಲೆ ಕಂಡಿಲ್ಲ. ಬೇರೆ ಯಾವ ರಾಕ್ಷಸನ ಪಂಚಾಯಿತಿ ಇರಲಿ, ಬಾಗಿಲ ಹಿಂದಿನ ರಕ್ಕಸಿ ಒಂದು ಮಾತು ಸೇರಿಸಲೇಬೇಕು. ಅವ್ವ ಒಲೆಯ ಮುಂದೆ ಸೌಟು ಹಿಡಿದು ಕೇಳುತ್ತ ನಿಲ್ಲುತ್ತಿದ್ದಳು, ಮುದ್ದೆ ತಳ ಹಿಡಿಯುತ್ತಿತ್ತು, ಯಾರೂ ಬೈಯುತ್ತಿರಲಿಲ್ಲ. ಹುಡುಗರು ಮಾತ್ರ ಮನೆಗೆ ಹೋಗಿ, ‘ಮೇಷ್ಟ್ರ ಮನೆ ಬಾಗ್ಲಿಂದೆ ರಕ್ಕಸಿ ಅವ್ಳೆ’ ಎಂದು ಕಣ್ಣರಳಿಸಿ ಹೇಳುತ್ತಿದ್ದರು. ಯಾವುದೋ ಆಟ ಎಂದು ದೊಡ್ಡವರು ತಲೆಗೆ ಹಾಕಿಕೊಳ್ಳಲಿಲ್ಲ.

ಅಕ್ಕನಿಗೆ ಶಿರಾದಿಂದ ಒಂದು ಸಂಬಂಧ ಬಂತು. ಕಡಲೆಕಾಯಿ ವ್ಯಾಪಾರದ ಮನೆ, ಹುಡುಗ ಒಳ್ಳೆಯವನು, ನಮ್ಮವರೇ. ಬರುವ ಸೋಮವಾರ ಹೆಣ್ಣು ನೋಡಲು ಬರುತ್ತಾರೆ ಎಂದು ಗೊತ್ತಾದ ದಿನವೇ ಮನೆಯಲ್ಲಿ ಜಗಳ ಶುರುವಾಯಿತು. ಅವ್ವ ಮತ್ತು ಅಜ್ಜಿ ಯಾವತ್ತೂ ಒಂದಾಗದವರು ಅವತ್ತು ಒಂದಾದರು. ಹೆಣ್ಣು ತಲೆ ಬಗ್ಗಿಸಿ ಕೂತಿರುತ್ತಾಳೆ, ಏನು ಕೇಳಿದರೂ ತಲೆ ಅಲ್ಲಾಡಿಸಿದರೆ ಸಾಕು, ನಾಚಿಕೆ ಅಂದುಕೊಳ್ಳುತ್ತಾರೆ ಎಂದು ಅವರ ವಾದ.

‘ಯಾವ ಹೆಣ್ಣು ಬಾಯ್ಬುಟ್ಟು ಮಾತಾಡ್ತಾಳೆ ಹೇಳಿ? ನಾನು ಮಾತಾಡಿದ್ನಾ? ನಮ್ಮತ್ತೆ ಮಾತಾಡಿದ್ರಾ?’ ಎಂದಳು ಅವ್ವ.

‘ಮುಚ್ಚಿಟ್ಟು ಕೊಟ್ಬುಟ್ರೆ ನಾಳೆ ಅಲ್ಲಿ ಅವಳನ್ನ ಮೂಕಿ ಅಂತ ಆಡ್ಕೋತಾರೆ. ಆಗ ಅವಳ ಪರ ಯಾರೇ ಮಾತಾಡೋರು?’ ಎಂದ ಅಪ್ಪ. ‘ಹೆಸರೊಂದು ಹೇಳ್ತಾಳೆ. ನಾನು ಹೇಳಿಕೊಡ್ತೀನಿ. ಮನಸ್ನಲ್ಲಿ ರಕ್ಕಸಿ ಅನ್ಕೊಂಡು ಬಾಯಲ್ಲಿ ಗಿರಿಜೆ ಅಂದ್ರಾಯ್ತು.’

ಅಷ್ಟೂ ದಿನ ಅಪ್ಪ ಮಗಳು ಹಿತ್ತಲಲ್ಲಿ ನುಗ್ಗೆಮರದ ಕೆಳಗೆ ಕೂತು ಅದನ್ನೇ ಅಭ್ಯಾಸ ಮಾಡಿದರು. ಒಂದೊಂದು ಸಲ ‘ಗಿರಿಜೆ’ ಸಲೀಸಾಗಿ ಬಂದುಬಿಡುತ್ತಿತ್ತು. ಆಗ ಅಪ್ಪ ಚಪ್ಪಾಳೆ ಹೊಡೆಯುತ್ತಿದ್ದ. ಅಕ್ಕ ತನ್ನ ಹೆಸರನ್ನು ತಾನೇ ಕೇಳಿಸಿಕೊಂಡು ಬೆರಗಾಗಿ ನನ್ನ ಕಡೆ ನೋಡುತ್ತಿದ್ದಳು.

ಸೋಮವಾರ ಅವರು ಬಂದರು. ಹುಡುಗ, ಅವನ ಅಪ್ಪ, ಸೋದರತ್ತೆ. ಪಡಸಾಲೆಯಲ್ಲಿ ಕರಿಹಲಗೆಯನ್ನು ಗೋಡೆಗೆ ತಿರುಗಿಸಿಟ್ಟು ಜಮಖಾನ ಹಾಸಿದ್ದೆವು. ಉಪ್ಪಿಟ್ಟು, ಬಾಳೆಹಣ್ಣು, ಬಿಸಿ ಹಾಲು. ಹುಡುಗನ ಅಪ್ಪ ಜೋರು ಗಂಟಲಿನ ಖುಷಿಯ ಮನುಷ್ಯ, ಉಪ್ಪಿಟ್ಟನ್ನು ‘ಬೇಷ್, ಬೇಷ್’ ಎನ್ನುತ್ತಾ ತಿಂದರು. ಅಜ್ಜಿಯ ಹಸಿರು ಸೀರೆ ಉಟ್ಟು ಅಕ್ಕ ನಡುಬಾಗಿಲು ದಾಟಿ ಬಂದಳು. ಎಷ್ಟು ಚೆಂದ ಕಾಣುತ್ತಿದ್ದಳು! ಹುಡುಗ ಕದ್ದು ನೋಡಿ ಮೀಸೆಯ ಮೇಲೆ ಕೈ ಆಡಿಸಿಕೊಂಡ. ಸೋದರತ್ತೆ ಹತ್ತಿರ ಕೂರಿಸಿಕೊಂಡು ಗಲ್ಲ ಎತ್ತಿ ಕೇಳಿದಳು:

‘ನಿನ್ನ ಹೆಸರೇನು ಮಗಾ?’

‘ಗಿ... ಗಿ... ಗಿ...’

ಅವ್ವ ಬಾಗಿಲ ಮರೆಯಿಂದ ತಲೆ ಅಲ್ಲಾಡಿಸು, ತಲೆ ಅಲ್ಲಾಡಿಸು ಎಂದು ಸನ್ನೆ ಮಾಡುತ್ತಿದ್ದಳು. ಅಕ್ಕನ ಕತ್ತಿನ ನರ ಉಬ್ಬಿತು. ಹಣೆಯ ವಿಭೂತಿ ಬೆವರಿಗೆ ಕರಗಿತು. ಹುಡುಗನ ಅಪ್ಪ ತಟ್ಟೆ ಕೆಳಗಿಟ್ಟರು.

‘ಏನ್ ಮೇಷ್ಟ್ರೇ, ಮಗೀಗೆ ಮಾತು ಬರಾಕಿಲ್ವಾ?’

ಅಪ್ಪನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮಗಳು ಮುಳುಗುತ್ತಿದ್ದಾಳೆ, ಹಗ್ಗ ತನ್ನ ಕೈಯಲ್ಲೇ ಇದೆ ಎಂದು ಅವನಿಗೆ ಅನಿಸಿರಬೇಕು. ಎದ್ದು ನಿಂತು, ಶನಿವಾರದ ಗಂಟಲಲ್ಲಿ ಕೂಗಿಬಿಟ್ಟ:

‘ರಕ್ಕಸಿಯ ಪರ ಮಾತಾಡುವವರು ಯಾರು?’

ಅಕ್ಕ ತಲೆ ಎತ್ತಿದಳು. ಒಂದು ಸಲ ಉಸಿರು ಎಳೆದುಕೊಂಡಳು. ಸೋದರತ್ತೆಯ ಮುಖವನ್ನೇ ನೇರ ನೋಡುತ್ತಾ ಹೇಳಿದಳು:

‘ನಾನು ಮಾತಾಡ್ತೀನಿ. ನಾನು ರಕ್ಕಸಿ. ನನ್ನ ನಿಮ್ಮೂರೊಳಗೆ ಇಟ್ಕೊಳ್ಳಿ. ನಾನು ಯಾರ್ಗೂ ಏನೂ ಮಾಡಲ್ಲ. ಏರಿ ಕಟ್ತೀನಿ, ಕಲ್ಲು ಹೊರ್ತೀನಿ, ನೀವು ಹೇಳಿದ್ದು ಮಾಡ್ತೀನಿ. ಸಂಜೆ ಹೊತ್ತು ನಿಮ್ಮ ಜಗಲಿ ಮೇಲೆ ಒಂದಿಷ್ಟು ಜಾಗ ಕೊಡಿ. ಸುಳ್ಳು ಕೋಳಿ ಮಾತ್ರ ಕೂಗುಸ್ಬೇಡಿ.’

ಇದಕ್ಕಿಂತ ಮರ್ಯಾದೆಯಾಗಿ ಯಾವ ಹೆಣ್ಣು ತನಗಾಗಿ ಕೇಳಿಕೊಂಡಿದ್ದಾಳು? ಸೋದರತ್ತೆ ಅಕ್ಕನ ಗಲ್ಲದಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ‘ಶಿವಶಿವಾ! ಏಳಣ್ಣ, ಏಳು, ಮಗೀಗೆ ಗಾಳಿ ಹಿಡ್ದೈತೆ’ ಎಂದು ಎದ್ದೇಬಿಟ್ಟಳು. ಎಲೆ ಅಡಿಕೆಯನ್ನು ಯಾರೂ ಮುಟ್ಟಲಿಲ್ಲ. ಅಪ್ಪ ಬರಿಗಾಲಲ್ಲಿ ಅವರ ಗಾಡಿಯ ಹಿಂದೆ ಓಡಿದ. ‘ಅದು ಪಾಠ ಕಣ್ರೀ, ಮಾತು ಕಲ್ಸೋ ಪಾಠ, ಶನಿವಾರದ್ದು...’ ಎನ್ನುತ್ತಿದ್ದ. ಹುಡುಗ ಮಾತ್ರ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ಗಾಡಿ ನಿಲ್ಲಲಿಲ್ಲ.

ಆಮೇಲೆ ಹುಡುಗರು ಹೇಳಿದ್ದ ಕಥೆಗಳೆಲ್ಲ ಊರವರಿಗೆ ಒಟ್ಟಿಗೆ ನೆನಪಾದವು. ಬಾಗಿಲ ಹಿಂದಿನ ರಕ್ಕಸಿ. ಕಲ್ಲು ಹೊಡೆಯದ ಹುಡುಗಿ. ಗುಂಡಿನ ಹತ್ತಿರವೇ ಸೋಕಿದ್ದು ಎಂದು ಒಬ್ಬರು, ಮೇಷ್ಟ್ರೇ ಕರೆದು ಮನೆಗೆ ತುಂಬಿಸಿಕೊಂಡರು ಎಂದು ಇನ್ನೊಬ್ಬರು. ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಒಂದು ಬೆಳಗ್ಗೆ ಪಡಸಾಲೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ನನ್ನೊಬ್ಬಳಿಗೇ ಹಾಜರಿ ಕರೆದ. ಒಳಗೆ ಅವ್ವನಿಗೆ ಎಸರಿಡುವ ಹೊತ್ತು ತಿಳಿಯದೆ ಒಲೆ ಆರಿಹೋಗಿತ್ತು. ಪಾವಗಡದ ಕಡೆ ಒಬ್ಬ ಗಾಳಿ ಬಿಡಿಸುವವನಿದ್ದಾನೆ, ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದು ಅಜ್ಜಿ ಹಟ ಹಿಡಿದಳು. ಅಪ್ಪ ತಟ್ಟೆ ಎತ್ತಿ ಅಂಗಳಕ್ಕೆ ಎಸೆದ. ನಮ್ಮ ಮನೆಯಲ್ಲಿ ತಟ್ಟೆ ಹಾರಿದ್ದು ಅದೊಂದೇ ಸಲ.

‘ಅವಳಿಗೆ ಏನೂ ಹಿಡಿದಿಲ್ಲ ಕಣವ್ವ! ಮಾತಾಡಿದ್ಲು, ಅಷ್ಟೇ ಅವಳು ಮಾಡಿದ್ದು!’

‘ನಂಗೊತ್ತು ಕಣ್ಲಾ. ಊರ್ಗೆ ಗೊತ್ತಾ? ಬುಡುಸ್ಕೊಂಡ್ ಬಂದ್ವಿ ಅಂದ್ರೆ ಊರು ಸುಮ್ಕಾಯ್ತದೆ. ಚಿಕ್ಕೋಳ್ಗೂ ನಾಳೆ ಒಂದು ಗಂಡು ಬರ್ಬೇಕಲ್ಲಪ್ಪ’ ಎಂದು ಅಜ್ಜಿ ಅತ್ತಳು.

ಇಬ್ಬರ ನಡುವೆ ಬಂದು ನಿಂತವಳು ಅಕ್ಕ. ನಡುಬಾಗಿಲಲ್ಲಿ ನಿಂತು ಖಾಲಿ ಪಡಸಾಲೆಯನ್ನು ನೋಡಿದಳು. ಮೂಲೆಯಲ್ಲಿ ಹನುಮ ಮರೆತುಹೋದ ಬಳಪ ಬಿದ್ದಿತ್ತು. ಅದನ್ನು ನೋಡಿದಳು. ‘ಹೋ... ಹೋ... ಹೋಗಣ ಅ... ಅಪ್ಪ’ ಎಂದಳು. ಅಪ್ಪ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಟ್ಟ.

ಅಮಾವಾಸ್ಯೆಯ ಹಿಂದಿನ ದಿನ ಗಾಡಿ ಕಟ್ಟಿದರು. ಮಧುಗಿರಿ ದಾಟಿ ಪಾವಗಡದ ಕಡೆ ಹೋದಂತೆಲ್ಲ ಬರೀ ಬಂಡೆ, ಬರೀ ಬಿಸಿಲು, ಜನರ ಮಾತು ಕನ್ನಡದಿಂದ ತೆಲುಗಿಗೆ ಮೆಲ್ಲಗೆ ಜಾರುತ್ತಿತ್ತು. ಗಾಳಿ ಬಿಡಿಸುವವನ ಊರಾಚೆ ಒಂದು ದೊಡ್ಡ ಹುಣಸೆಮರ. ಅದರ ಬೊಡ್ಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಯಲ್ಲೂ ಒಂದೊಂದು ಹೆಂಗಸಿನ ಕೂದಲ ಕುಚ್ಚು. ಅದನ್ನು ನೋಡಿ ನಾನು ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದೆ. ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ಆ ಮುದುಕ ಅಕ್ಕನನ್ನು ಮರದ ಕೆಳಗೆ ಕೂರಿಸಿ, ಜಡೆ ಬಿಚ್ಚಿಸಿ, ಹುಣಸೆಬರಲು ಹಿಡಿದು ಮುಂದೆ ನಿಂತ. ಬಿಡಿಸುವ ಕ್ರಮ ಎಲ್ಲರಿಗೂ ಗೊತ್ತಿರುವಂಥದೇ. ಗಾಳಿ ತನ್ನ ಹೆಸರನ್ನು ತಾನೇ ಹೇಳಬೇಕು, ಹೋಗುತ್ತೇನೆ ಎಂದು ತಾನೇ ಮಾತು ಕೊಡಬೇಕು. ಅಲ್ಲಿಯವರೆಗೆ ಬರಲು ನಿಲ್ಲುವುದಿಲ್ಲ.

‘ಎವರು ನುವ್ವು? ಪೇರು ಚೆಪ್ಪು!’

‘ನಿನ್ನ ಹೆಸರು ಹೇಳು ಅಂತವ್ರೆ ಕಣೇ ಗಿರ್ಜಿ, ಹೇಳವ್ವ’ ಎಂದಳು ಅವ್ವ.

‘ಗಿ... ಗಿ... ಗಿ...’

ಬರಲು ಬೀಸಿತು. ‘ಪೇರು ಚೆಪ್ಪು!’

‘ಗಿ... ಗಿ...’

‘ಚೂಡಂಡಿ, ದೆಯ್ಯಂ ನಾಲಿಕನಿ ಪಟ್ಟುಕುಂದಿ’ ಎಂದ ಮುದುಕ. ದೆವ್ವ ನಾಲಿಗೆ ಹಿಡಿದುಕೊಂಡಿದೆ, ಹೆಸರು ಹೇಳಲು ಬಿಡುತ್ತಿಲ್ಲ ಎಂದು. ಮತ್ತೆ ಬರಲು. ಅಕ್ಕ ಉಟ್ಟಿದ್ದ ಅಜ್ಜಿಯ ಹಸಿರು ಸೀರೆ ಬೆನ್ನಲ್ಲಿ ಹರಿಯಿತು. ಅವಳು ಪ್ರತಿ ಏಟಿಗೂ ತನ್ನ ಹೆಸರನ್ನೇ ಹೇಳಲು ಹೊರಡುತ್ತಿದ್ದಳು, ಪ್ರತಿ ಸಲವೂ ಅದು ಅರ್ಧಕ್ಕೆ ನಿಲ್ಲುತ್ತಿತ್ತು, ಅದು ನಿಂತಿತೆಂದೇ ಇನ್ನೊಂದು ಏಟು ಬೀಳುತ್ತಿತ್ತು. ಅಪ್ಪ ಚೀರಿದ:

‘ಗಿರಿಜೆ ಕಣಯ್ಯ! ಅವಳ ಹೆಸರು ಗಿರಿಜೆ! ಹೇಳ್ತಾ ಅವ್ಳೆ, ಕೇಳಯ್ಯ!’

‘ಮೀರು ಚೆಪ್ಪಕೂಡದು. ಅದೇ ಚೆಪ್ಪಾಲ.’ ನೀವು ಹೇಳುವಂತಿಲ್ಲ, ಅದೇ ಹೇಳಬೇಕು. ಅಪ್ಪ ಮುಂದೆ ನುಗ್ಗಿದ. ಅಲ್ಲಿದ್ದ ಗಂಡಸರು ಅವನ ರಟ್ಟೆ ಹಿಡಿದು ನಿಲ್ಲಿಸಿಕೊಂಡರು.

ಆಗ ಅಕ್ಕ ತಲೆ ಎತ್ತಿ ಅಪ್ಪನನ್ನು ನೋಡಿದಳು. ಕೂದಲೆಲ್ಲ ಮುಖದ ಮೇಲೆ. ಅವನಿಂದ ಶನಿವಾರದ ಆ ಕೂಗು ಬರಲಿ ಎಂದು ಕಾಯುವಂತೆ ನೋಡಿದಳು. ಅಪ್ಪ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದ. ಅಕ್ಕ ಮುದುಕನ ಕಡೆ ತಿರುಗಿದಳು.

‘ನಾನು ರಕ್ಕಸಿ,’ ಎಂದಳು. ಎಷ್ಟು ತಿಳಿಯಾಗಿ, ಎಷ್ಟು ಸಲೀಸಾಗಿ!

ಸುತ್ತ ನಿಂತವರೆಲ್ಲ ಉಸಿರು ಬಿಟ್ಟರು. ಅಜ್ಜಿ ಕೈ ಮುಗಿದಳು. ಗೊತ್ತು ಕಣ್ಲಾ ಎಂದಿದ್ದ ಅಜ್ಜಿಯೇ, ನಿಜವಾಗಲೂ ಏನೋ ಇತ್ತು ಎನ್ನುವಂತೆ ಕೈ ಮುಗಿದಳು. ಮುದುಕ ಬರಲು ಕೆಳಗಿಳಿಸಿದ.

‘ಪೋತಾವಾ?’

‘ಹೋಗ್ತೀನಿ.’

‘ಮಳ್ಳೀ ರಾವು ಕದಾ?’

‘ಇಲ್ಲ. ಇನ್ ಬರಲ್ಲ. ಬ್ಯಾಡ ಅಂದ ಕಡೆ ನಾನು ನಿಲ್ಲಲ್ಲ.’

ಅವಳ ನೆತ್ತಿಯ ಒಂದು ಕುಚ್ಚು ಕೂದಲನ್ನು ಮರಕ್ಕೆ ಮೊಳೆ ಹೊಡೆದು, ಕತ್ತರಿಸಿ, ಹಿಂದೆ ತಿರುಗಿ ನೋಡದೆ ಹೋಗಿ ಎಂದರು. ಯಾರೂ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಅವ್ವ ಅಕ್ಕನ ಬೆನ್ನಿಗೆ ಹರಳೆಣ್ಣೆ ಸವರುತ್ತಾ ಅಳುತ್ತಿದ್ದಳು. ಮಾರನೆಯ ದಿನ ನಮ್ಮೂರಿನ ಏರಿಯ ಹತ್ತಿರ ಬಂದಾಗ ಗಾಡಿಯವನು ರೂಢಿಯಂತೆ ನಿಲ್ಲಿಸಿದ. ಎಲ್ಲರೂ ಇಳಿದು ಗುಂಡಿಗೆ ಒಂದೊಂದು ಕಲ್ಲು ಹೊಡೆದರು. ಅಕ್ಕನೂ ಇಳಿದಳು. ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಅವಳು ಅದನ್ನು ಮೆಲ್ಲಗೆ ಕೆಳಗೆ ಹಾಕುತ್ತಾಳೆ ಎಂದು ನಾನು ಕಾದೆ. ಅವಳು ಬೀಸಿ ಹೊಡೆದಳು. ಕಲ್ಲು ಗುಂಡಿಗೆ ತಗಲಿ ಚೂರಾಗಿ ಹಾರಿತು. ಆಮೇಲೆ ಗಾಡಿ ಹತ್ತಿ ಕೂತಳು.

ಹುಡುಗರು ವಾಪಸು ಬಂದರು. ಮಗ್ಗಿ ಶುರುವಾಯಿತು, ಮುದ್ದೆ ಹೊತ್ತಿಗೆ ಸರಿಯಾಗಿ ಬೆಂದಿತು. ಶನಿವಾರ ಹನುಮ ‘ಇವತ್ತು ಯಾವ ರಾಕ್ಷಸ ಸಾ?’ ಎಂದು ಕೇಳಿದ. ಅಪ್ಪ ‘ಕಾಪಿ ತೆಗೀರಿ’ ಎಂದ. ಅಕ್ಕ ಅವತ್ತಿನಿಂದ ಮಾತೇ ಆಡಲಿಲ್ಲ. ಉಗ್ಗುವುದು ಕೂಡ ಇಲ್ಲ. ರಾಗಿ ಬೀಸುವಾಗ ನಾನು ಕಲ್ಲಿನ ಗೂಟವನ್ನು ಅವಳ ಜೊತೆ ಹಿಡಿದುಕೊಂಡು, ಊರಿನ ಸುದ್ದಿಯೆಲ್ಲ ಒಂದೇ ಸಮನೆ ಹೇಳುತ್ತಿದ್ದೆ. ಅವಳು ಒಂದು ಮಾತಾದರೂ ಆಡಲಿ ಎಂದು ಎರಡಾಡುತ್ತಿದ್ದೆ, ನಾಲ್ಕಾಡುತ್ತಿದ್ದೆ. ನನ್ನ ಬಾಯಿ ಬೆಳೆದದ್ದು ಹೀಗೆ. ಅವಳು ನಗುತ್ತಿದ್ದಳು, ತಲೆ ಅಲ್ಲಾಡಿಸುತ್ತಿದ್ದಳು. ಮತ್ತೆ ಯಾವ ಗಂಡೂ ಅವಳನ್ನು ನೋಡಲು ಬರಲಿಲ್ಲ. ಅಜ್ಜಿ ಹೇಳಿದ್ದಂತೆ ನನಗೆ ಬಂತು, ಮದುವೆಯೂ ಆಯಿತು.

ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಸ್ಕೂಲಿಗೆ ಬೇರೆ ಕಟ್ಟಡವಾಗಿತ್ತು, ಅಜ್ಜಿ ತೀರಿಕೊಂಡಿದ್ದಳು, ಅಪ್ಪನಿಗೆ ಪೆನ್ಷನ್ ಆಗಿತ್ತು. ಖಾಲಿ ಪಡಸಾಲೆಯಲ್ಲಿ ಅವನು ಸುಮ್ಮನೆ ಕೂತಿರುತ್ತಿದ್ದ. ಒಂದು ಬೆಳಗ್ಗೆ ನಾನು ನಡುಮನೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ. ಅಕ್ಕ ನಡುಬಾಗಿಲ ಹಿಂದೆ, ತನ್ನ ಹಳೆಯ ಜಾಗದಲ್ಲಿ, ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವಳ ಬೈತಲೆಯಲ್ಲಿ ಆ ಕುಚ್ಚು ಕತ್ತರಿಸಿದ ಜಾಗದಲ್ಲಿ ಕೂದಲು ಬೆಳ್ಳಗೆ ಬಂದಿತ್ತು. ಅವತ್ತು ಶನಿವಾರ ಎಂದು ನನಗೆ ನೆನಪಿರಲಿಲ್ಲ. ಅಪ್ಪನಿಗಿತ್ತು. ಹೊರಗಿನಿಂದ ಅವನ ಗಂಟಲು ಬಂತು:

‘ರಕ್ಕಸಿಯ ಪರ... ರಕ್ಕಸಿಯ ಪರ ಮಾತಾಡುವವರು ಯಾರು?’

ಮೊರ ನಿಂತಿತು. ಮಗು ಮೊಲೆ ಬಿಟ್ಟು ಅತ್ತ ತಿರುಗಿತು. ಅಕ್ಕ ಬಾಗಿಲ ಕಡೆ ನೋಡಿದಳು. ಅವಳ ಕತ್ತಿನ ನರ ಉಬ್ಬಿತು. ಅಷ್ಟು ವರ್ಷದ ಮೇಲೆ ಅವಳ ಬಾಯಿಂದ ಮಾತು ಬಂತು.

‘ಅ... ಅವ್ಳು ಹೋ... ಹೋದ್ಲು ಕ... ಕಣಪ್ಪ. ನೀ... ನೀನೂ ಅ... ಅಲ್ಲೇ ಇದ್ದೆ.’

ಅಕ್ಕ ಮೊರ ಎತ್ತಿಕೊಂಡು ರಾಗಿ ಕೇರತೊಡಗಿದಳು.